ಫ್ಯಾಕ್ಟರಿ ಬರುವ ತನಕ ಮಗ ಕಾಯಬೇಕಾ, ಬೆಂಗಳೂರಿಗೆ ಹೋಗಬೇಕಾ?

ಪ್ರಶ್ನೆ: ನಾವು ಮೂಡುಬಿದಿರೆ ಹತ್ತಿರದವರು. ನಮ್ಮ ಊರಿನಿಂದ ಬಸ್ಸಲ್ಲಿ ಅರ್ಧ ಗಂಟೆ ದೂರದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಫ್ಯಾಕ್ಟರಿ ಬರುತ್ತದಂತೆ. 400 ಕೋಟಿ ಬಂಡವಾಳ, 2,000 ಜನರಿಗೆ ಕೆಲಸ ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಬೆಂಗಳೂರಿನ ಒಂದು ಕಂಪನಿ ಕ್ಯಾಂಪಸ್‌ನಲ್ಲಿ ಆರಿಸಿದೆ, ಆದರೆ ಅವನ ತಾಯಿಗೆ ಕಳಿಸಲು ಮನಸ್ಸಿಲ್ಲ. ಮಗಳು ಪಿಯುಸಿ ಕಾಮರ್ಸ್ ಮುಗಿಸಿ ಮನೆಯಲ್ಲಿದ್ದಾಳೆ. ಆ 2,000ದಲ್ಲಿ ನಮ್ಮ ಊರಿನವರಿಗೆ ಎಷ್ಟು ಸಿಗಬಹುದು? ಕಾಯುವುದು ಒಳ್ಳೆಯದಾ? ಎಲೆಕ್ಟ್ರಿಕ್ ವಾಹನ ಬಂದರೆ ಇಂಥ ಫ್ಯಾಕ್ಟರಿಗಳು ಮುಚ್ಚುತ್ತವೆ ಅಂತಾರಲ್ಲ, ನಿಜವಾ? ಪಕ್ಕದ ಮನೆಯವರ ಜಾಗವೂ ಯೋಜನೆಗೆ ಹೋಗುತ್ತದಂತೆ. ಅವರಿಗೆ ಕೆಲಸ ಕೊಡುತ್ತೇವೆ ಅಂತ ಯಾರೋ ಬಾಯಲ್ಲಿ ಹೇಳಿದ್ದಾರೆ. ಏನು ಮಾಡಬೇಕು?

ಉತ್ತರ: ಮಗನನ್ನು ಕಾಯಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನ ಕೆಲಸ ಮೆಷಿನ್‌ಗೆ, ಉತ್ಪಾದನೆಗೆ ಸಂಬಂಧಪಟ್ಟದ್ದಾದರೆ ಧೈರ್ಯವಾಗಿ ಕಳಿಸಿ. ಇಲ್ಲಿಯ ಫ್ಯಾಕ್ಟರಿ ನಿಜವಾಗಿ ಎದ್ದು ನಿಂತ ದಿನ ಅದಕ್ಕೆ ಮೊದಲು ಬೇಕಾಗುವುದು ಎರಡು-ಮೂರು ವರ್ಷ ಕೆಲಸ ಮಾಡಿ ಕೈ ಪಳಗಿದ ಹುಡುಗರು. ನಿಮ್ಮ ಮಗ ಅವರಲ್ಲಿ ಒಬ್ಬನಾಗಬೇಕಾದರೆ ಈಗಲೇ ಎಲ್ಲಾದರೂ ಸೇರಿಕೊಳ್ಳಬೇಕು.

ನಾನು ಇಷ್ಟು ವರ್ಷ ದುಡಿದದ್ದು ಬಿಡಿಭಾಗದ ಕಂಪನಿಗಳಲ್ಲೇ, ಕೆಲಸಕ್ಕೆ ಜನ ತೆಗೆದುಕೊಳ್ಳುವ ವಿಭಾಗದಲ್ಲಿ. ಬೆಂಗಳೂರಿನ ಪೀಣ್ಯದಲ್ಲಿ ಶುರು ಮಾಡಿ ಮಂಗಳೂರಿನ ಬೈಕಂಪಾಡಿ ಕಡೆಗೆ ಬಂದವನು. ಹಾಗಾಗಿ ಈ 2,000 ಅನ್ನುವಂಥ ಸಂಖ್ಯೆ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳಬಲ್ಲೆ.

ಒಂದು ಕಂಪನಿ ಕರ್ನಾಟಕದಲ್ಲಿ ಕೈಗಾರಿಕೆ ಹಾಕಬೇಕಾದರೆ ಸರ್ಕಾರದ ಸಮಿತಿ ಮುಂದೆ ಯೋಜನಾ ವರದಿ ಇಡಬೇಕು. 15 ಕೋಟಿ ತನಕದ್ದು ಜಿಲ್ಲಾಧಿಕಾರಿಗಳ ಸಮಿತಿಗೆ ಹೋಗುತ್ತದೆ. 15ರಿಂದ 500 ಕೋಟಿ ತನಕ ಕೈಗಾರಿಕಾ ಸಚಿವರ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ. ಅದಕ್ಕಿಂತ ಮೇಲಿನದ್ದು ಮುಖ್ಯಮಂತ್ರಿಗಳ ಉನ್ನತ ಮಟ್ಟದ ಸಮಿತಿ. ಎಷ್ಟು ಎಕರೆ ಜಾಗ, ಎಷ್ಟು ನೀರು, ಎಷ್ಟು ಕರೆಂಟ್, ಎಷ್ಟು ಜನರಿಗೆ ಕೆಲಸ ಅಂತ ಕಂಪನಿ ಆ ಅರ್ಜಿಯಲ್ಲಿ ಬರೆದಿರುತ್ತದೆ. ಸಮಿತಿ ಒಪ್ಪಿದ ಕೂಡಲೇ ಆ ಸಂಖ್ಯೆ ಪೇಪರಿನಲ್ಲಿ ಬರುತ್ತದೆ. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ಎಲ್ಲ ಹಂತ ಮುಗಿದು, ಎಲ್ಲ ಲೈನ್ ಓಡಿ, ಎಲ್ಲ ಆರ್ಡರ್ ಕೈಗೆ ಬಂದ ಮೇಲಿನ ಸಂಖ್ಯೆ. ಕಂಪನಿಯ ಸ್ವಂತ ನೌಕರರ ಜೊತೆ ಕಾಂಟ್ರಾಕ್ಟಿನವರು, ಸೆಕ್ಯುರಿಟಿ, ಕ್ಯಾಂಟೀನ್, ಎಷ್ಟೋ ಸಲ ಲಾರಿ ಚಾಲಕರೂ ಅದರೊಳಗೆ ಸೇರಿರುತ್ತಾರೆ. ಮೊದಲ ಹಂತದಲ್ಲಿ ಅದರ ಕಾಲು ಭಾಗ ಆದರೆ ನಾನು ಒಳ್ಳೆಯ ಶುರು ಅನ್ನುತ್ತೇನೆ.

ಆದ್ದರಿಂದ ಯಾರಾದರೂ ಇಂಥ ಸುದ್ದಿ ತಂದರೆ ಎಷ್ಟು ಕೆಲಸ ಅಂತ ಕೇಳುವ ಮೊದಲು ಯಾವ ಬಿಡಿಭಾಗ ಅಂತ ಕೇಳಿ. ಎಲ್ಲ ಅದರ ಮೇಲೆ ನಿಂತಿದೆ.

ಒಂದು ಲೆಕ್ಕ ಹಾಕೋಣ. ಗೇರ್, ಶಾಫ್ಟ್, ಹಬ್ ಥರದ ಲೋಹದ ಭಾಗಗಳನ್ನು ಕಡೆಯುವ ಮೆಷಿನ್ ಶಾಪ್ ಅಂದುಕೊಳ್ಳಿ. ಅದರಲ್ಲಿ 60 ಸಿಎನ್‌ಸಿ ಮೆಷಿನ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡೆಯುವ ಮೆಷಿನ್. ಈಗ ಒಬ್ಬ ಆಪರೇಟರ್ ಎರಡು ಮೆಷಿನ್ ನೋಡಿಕೊಳ್ಳುವುದು ಸಾಮಾನ್ಯ. ಅಲ್ಲಿಗೆ ಒಂದು ಶಿಫ್ಟಿಗೆ 30 ಜನ, ಮೂರು ಶಿಫ್ಟಿಗೆ 90. ರಜೆ, ವಾರದ ರಜೆಗೆ ಬದಲಿ ಜನ ಸೇರಿಸಿ 105 ಅಂತ ಇಟ್ಟುಕೊಳ್ಳಿ. ಕ್ವಾಲಿಟಿ, ಮೇಂಟೆನೆನ್ಸ್, ಟೂಲ್‌ರೂಮ್ (ಅಚ್ಚು, ಹತ್ಯಾರು ತಯಾರಿಸುವ ವಿಭಾಗ), ಸ್ಟೋರ್ಸ್, ಸೂಪರ್‌ವೈಸರ್ ಎಲ್ಲ ಸೇರಿ 150 ಆಗಬಹುದು. ಮೆಷಿನ್ ಒಂದಕ್ಕೆ 25-30 ಲಕ್ಷ ಅಂತ ಹಿಡಿದರೆ ಮೆಷಿನ್‌ಗಳಿಗೇ 15ರಿಂದ 18 ಕೋಟಿ. ಅಂದರೆ ಒಂದು ಕೆಲಸ ಹುಟ್ಟಬೇಕಾದರೆ ಮೆಷಿನ್ ಖರ್ಚೇ 10-12 ಲಕ್ಷ. ಜಾಗ, ಶೆಡ್, ಟ್ರಾನ್ಸ್‌ಫಾರ್ಮರ್, ಕಂಪ್ರೆಸರ್, ಅಳತೆಯ ಲ್ಯಾಬ್ ಬೇರೆ.

ನೀವು ಹೇಳಿದ 400 ಕೋಟಿಯನ್ನು 2,000ಕ್ಕೆ ಭಾಗಿಸಿದರೆ ಒಂದು ಕೆಲಸಕ್ಕೆ 20 ಲಕ್ಷ. ಮೆಷಿನ್ ಶಾಪ್ ಜೊತೆ ಜೋಡಣೆಯ ಲೈನೂ ಇದ್ದರೆ ಇದು ನಂಬಬಹುದಾದ ಲೆಕ್ಕ. ರೋಬೋಟ್ ವೆಲ್ಡಿಂಗ್, ದೊಡ್ಡ ಪ್ರೆಸ್, ಅಲ್ಯೂಮಿನಿಯಂ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಒತ್ತುವುದು) ಆದರೆ ನಾನು ನಂಬುವುದಿಲ್ಲ. ಅಲ್ಲಿ ಅಷ್ಟೇ ದುಡ್ಡಿಗೆ ಅರ್ಧ ಜನವೂ ಬೇಡ. ದೊಡ್ಡ ಬಂಡವಾಳ ಅಂದ ಕೂಡಲೇ ತುಂಬಾ ಕೆಲಸ ಅಂತ ನಾವು ತಿಳಿದುಕೊಳ್ಳುತ್ತೇವೆ. ನಮ್ಮ ಜಿಲ್ಲೆಯನ್ನೇ ನೋಡಿ. ಸಾವಿರಾರು ಕೋಟಿ ಹಾಕಿದ ರಿಫೈನರಿಗಿಂತ ಗೋಡಂಬಿ ಕಾರ್ಖಾನೆ ಒಂದು ಕೋಟಿ ಬಂಡವಾಳಕ್ಕೆ ಎಷ್ಟೋ ಜಾಸ್ತಿ ಜನರಿಗೆ ಕೆಲಸ ಕೊಡುತ್ತದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಹೆಂಚು, ಗೋಡಂಬಿ, ಬೀಡಿ, ಇವು ಮೂರೂ ಕೈ ಕೆಲಸವನ್ನೇ ನಂಬಿದ ಉದ್ಯಮಗಳು. ಹಾಗಾಗಿಯೇ ಅವು ಇಲ್ಲಿ ಮನೆಮನೆಗೆ ಮುಟ್ಟಿದವು.

ವಾಹನದ ಬಿಡಿಭಾಗದಲ್ಲಿ ಅಷ್ಟು ಕೈ ಕೆಲಸ ಇರುವುದು ವೈರಿಂಗ್ ಹಾರ್ನೆಸ್‌ನಲ್ಲಿ. ಕಾರಿನ ಉದ್ದಕ್ಕೂ ಓಡುವ ವೈರುಗಳ ಕಟ್ಟು ಅದು. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗಳ ವಿಷಯವೂ ಇದರಲ್ಲಿದೆ. ವೈರನ್ನು ಅಳತೆಗೆ ಕತ್ತರಿಸುವುದು, ತುದಿಗೆ ಟರ್ಮಿನಲ್ ಒತ್ತುವುದು ಮೆಷಿನ್ ಕೆಲಸ. ಅಲ್ಲಿಂದ ಮುಂದೆ ಎಲ್ಲ ಕೈಯಲ್ಲೇ. ಮಂಚದಷ್ಟು ಅಗಲದ ಬೋರ್ಡ್ ಓರೆಯಾಗಿ ನಿಂತಿರುತ್ತದೆ. ಹಾರ್ನೆಸ್‌ನ ಚಿತ್ರ ಅದರ ಮೇಲೆ ನಿಜವಾದ ಅಳತೆಯಲ್ಲೇ ಇರುತ್ತದೆ, ಅಲ್ಲಲ್ಲಿ ಕವಲು ಕಡ್ಡಿಗಳು. ಹುಡುಗಿ ಒಂದೊಂದೇ ವೈರನ್ನು ಬಣ್ಣ ನೋಡಿ ಕಡ್ಡಿಗಳ ನಡುವೆ ಎಳೆಯುತ್ತಾಳೆ. ತುದಿಯನ್ನು ಕನೆಕ್ಟರಿನ ಸಣ್ಣ ಕಿಂಡಿಗೆ ತಳ್ಳಬೇಕು, ಕ್ಲಿಕ್ ಅಂತ ಶಬ್ದ ಕೇಳಬೇಕು, ಮತ್ತೆ ಹಿಂದಕ್ಕೆ ಎಳೆದು ನೋಡಬೇಕು. ಲೈನಿನಲ್ಲಿ ಇದಕ್ಕೆ ಪುಶ್-ಕ್ಲಿಕ್-ಪುಲ್ ಅಂತಾರೆ. ಎಳೆದು ನೋಡುವುದನ್ನು ಒಂದು ಕಡೆ ಮರೆತರೂ ಮುಂದೆ ಯಾವುದೋ ಕಾರಿನ ಹೆಡ್‌ಲೈಟ್ ಗುಂಡಿ ಬಿದ್ದ ರಸ್ತೆಯಲ್ಲಿ ಆರಿಹೋಗಬಹುದು. ಬಳುಕುವ ವೈರನ್ನು ಹಿಡಿದು ಇಷ್ಟು ನಾಜೂಕಾಗಿ ಕೂರಿಸುವುದು ರೋಬೋಟಿಗೆ ಇನ್ನೂ ಕಷ್ಟ. ಹಾಗಾಗಿ ಈ ಕೆಲಸದಲ್ಲಿ ಜನ ಬೇಕೇ ಬೇಕು, ಅದರಲ್ಲೂ ಹೆಣ್ಣುಮಕ್ಕಳು ಜಾಸ್ತಿ.

ಎರಕದ ಕೆಲಸ, ಅಂದರೆ ಫೌಂಡ್ರಿ, ಬೇರೆಯೇ ಕಥೆ. ಕೆಲಸ ತುಂಬಾ ಹುಟ್ಟುತ್ತದೆ. ಆದರೆ ಉರಿ, ಧೂಳು, ಮರಳು. ಎರಕದ ಅಂಚುಗಳನ್ನು ಗ್ರೈಂಡರಿನಲ್ಲಿ ಉಜ್ಜುವ ಫೆಟ್ಲಿಂಗ್ ವಿಭಾಗದಲ್ಲಿ ನಮ್ಮ ಹುಡುಗರು ನಿಲ್ಲುವುದು ಕಡಿಮೆ. ಒಡಿಶಾ, ಬಿಹಾರ, ಜಾರ್ಖಂಡ್‌ನವರು ನಿಲ್ಲುತ್ತಾರೆ. ಇದಕ್ಕೆ ನಮ್ಮ ಹುಡುಗರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಡಿಪ್ಲೊಮಾ ಓದಿಸಿದ ಅಪ್ಪ-ಅಮ್ಮ ಮಗನನ್ನು ಅಲ್ಲಿಗೆ ಕಳಿಸಲು ಓದಿಸಿದ್ದಲ್ಲ. ಆದರೆ ಫೌಂಡ್ರಿಯಲ್ಲೂ ಪ್ಯಾಟರ್ನ್, ಲ್ಯಾಬ್, ಮೇಂಟೆನೆನ್ಸ್ ಅಂತ ಒಳ್ಳೆಯ ಕೆಲಸಗಳಿವೆ. ಅಲ್ಲಿ ಲೋಹದ ಗುಣ ಕಲಿತವನಿಗೆ ಎಲ್ಲ ಕಡೆ ಬೆಲೆ ಇದೆ.

ಈಗ ಮಂಗಳೂರಿಗೆ ಯಾವ ಥರದ ಫ್ಯಾಕ್ಟರಿ ಬರುತ್ತದೆ ಅನ್ನುವುದನ್ನೂ ನೋಡಬೇಕು. ಕಾರಿನ ಕಂಪನಿಗಳು ಗೋದಾಮಿನಲ್ಲಿ ತಿಂಗಳಿಗಾಗುವಷ್ಟು ಮಾಲು ತುಂಬಿಸಿ ಇಡುವುದಿಲ್ಲ. ಕೆಲವು ಭಾಗಗಳು ಗಂಟೆ ಲೆಕ್ಕದಲ್ಲಿ ಲೈನಿಗೆ ಬರಬೇಕು. ಸೀಟು, ಬಂಪರ್, ಡ್ಯಾಶ್‌ಬೋರ್ಡ್ ಥರದ ದೊಡ್ಡ ಗಾತ್ರದ ಭಾಗ ಮಾಡುವವರು ಬಿಡದಿ, ಚೆನ್ನೈ, ಪುಣೆಯಲ್ಲಿ ಕಾರ್ ಫ್ಯಾಕ್ಟರಿಯ ಗೇಟಿನ ಹತ್ತಿರವೇ ಶೆಡ್ ಹಾಕುವುದು ಅದಕ್ಕೇ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಲಾರಿಗಳು ದಿನಗಟ್ಟಲೆ ನಿಲ್ಲುವುದನ್ನು ನಾವು ಎಷ್ಟು ಸಲ ನೋಡಿಲ್ಲ ಹೇಳಿ. ಬಿಡದಿಯಲ್ಲಿ ಲೈನ್ ನಿಂತರೆ ಅದರ ನಷ್ಟ ಬಿಡಿಭಾಗ ಕೊಡುವವನ ತಲೆಗೆ ಬರುತ್ತದೆ. ಅಂಥವರು ಘಾಟಿ ಇಳಿದು ಬರುವುದು ಕಷ್ಟ.

ಇಲ್ಲಿಗೆ ಬರುವವರಿಗೆ ಬಂದರು ಬೇಕು. ಪಣಂಬೂರಿನಿಂದ ಕಂಟೇನರಿನಲ್ಲಿ ಹೊರದೇಶಕ್ಕೆ ಕಳಿಸುವವರು, ಉಕ್ಕು ಅಥವಾ ಬೇರೆ ಕಚ್ಚಾ ಮಾಲು ಹಡಗಿನಲ್ಲಿ ತರಿಸುವವರು. ಎಷ್ಟೋ ವರ್ಷದಿಂದ ಬೈಕಂಪಾಡಿಯಲ್ಲಿ ಲ್ಯಾಮಿನಾದ ಲೀಫ್ ಸ್ಪ್ರಿಂಗ್, ಕಾರ್ಕಳದ ನಿಟ್ಟೆಯಲ್ಲಿ ಎರಕದ ಭಾಗಗಳು ತಯಾರಾಗುತ್ತಿರುವುದು ನಿಮಗೂ ಗೊತ್ತಿರಬಹುದು. ಸುಳ್ಯ, ಬೆಳ್ತಂಗಡಿ ಕಡೆ ಇಷ್ಟೊಂದು ರಬ್ಬರ್ ತೋಟ ಇಟ್ಟುಕೊಂಡು ಬುಶ್, ಹೋಸ್, ಎಂಜಿನ್ ಮೌಂಟಿಂಗ್ ಥರದ ವಾಹನದ ರಬ್ಬರ್ ಭಾಗ ಮಾಡುವ ಘಟಕಗಳು ಇಲ್ಲಿ ಇನ್ನೂ ಬೆಳೆಯಲಿಲ್ಲವಲ್ಲ ಅಂತ ನನಗೆ ಬಹಳ ಬೇಸರವಿದೆ. ನಾವು ಹಾಲು ತೆಗೆದು ಶೀಟ್ ಮಾಡಿ ಮಾರುತ್ತೇವೆ. ಅದರ ನಂತರದ ಕೆಲಸ, ಸಂಬಳ ಎಲ್ಲ ಬೇರೆ ಊರಿಗೆ. ಜಿಲ್ಲೆಗೆ ಯಾವ ಉದ್ಯಮ ತರಬೇಕು ಅಂತ ಯೋಚಿಸುವವರು ಇದನ್ನು ನೋಡಬೇಕು.

ನಮ್ಮ ಊರಿನವರಿಗೆ ಎಷ್ಟು ಅಂತ ಕೇಳಿದಿರಿ. ಈ ಪ್ರಶ್ನೆ ಹಳೆಯದು. ಕನ್ನಡಿಗರಿಗೆ ಕೆಲಸ ಕೊಡುವ ಬಗ್ಗೆ ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. 2020-25ರ ಕೈಗಾರಿಕಾ ನೀತಿಯಲ್ಲಿ ಒಟ್ಟು ಕೆಲಸದಲ್ಲಿ ಕನಿಷ್ಠ 70 ಶೇಕಡಾ ಕನ್ನಡಿಗರಿಗೆ, ಡಿ ಗುಂಪಿನದ್ದು, ಅಂದರೆ ಕೆಳ ಹಂತದ ಕೆಲಸಗಳು, ಪೂರ್ತಿ ಕನ್ನಡಿಗರಿಗೆ ಅಂತ ಇತ್ತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲು ಇಡುವ ಮಸೂದೆಗೆ ಸಂಪುಟ ಒಪ್ಪಿ, ಗಲಾಟೆಯಾದ ಮೇಲೆ ತಡೆಹಿಡಿದದ್ದು ನೆನಪಿರಬಹುದು. ಇಲ್ಲೆಲ್ಲ ಸ್ಥಳೀಯರು ಅಂದರೆ ಕರ್ನಾಟಕದವರು. ಮೂಡುಬಿದಿರೆಯವರು, ಮೂಲ್ಕಿಯವರು ಅಂತ ಬೇರೆ ಲೆಕ್ಕ ಇಲ್ಲ. ಹಾವೇರಿಯ ಹುಡುಗನೂ ಗದಗದ ಹುಡುಗನೂ ಅಷ್ಟೇ ಸ್ಥಳೀಯರು, ಅದು ಸರಿಯೇ.

ನನ್ನ ಅನುಭವದಲ್ಲಿ ಊರಿನವರಿಗೆ ಜಾಸ್ತಿ ಸಿಗುವುದು ನಿಯಮದಿಂದಲ್ಲ, ಹತ್ತಿರ ಇರುವುದರಿಂದ. ಕಂಪನಿಗೆ ದೊಡ್ಡ ತಲೆನೋವು ಯಾವುದು ಗೊತ್ತುಂಟಾ? ಜನ ಬಿಟ್ಟು ಹೋಗುವುದು. ಆರು ತಿಂಗಳು ಕಲಿಸಿದ ಹುಡುಗ ಹಬ್ಬಕ್ಕೆ ಊರಿಗೆ ಹೋದವನು ವಾಪಸ್ ಬರುವುದಿಲ್ಲ. ಮನೆಯಿಂದ ಬಸ್ಸಿನಲ್ಲಿ ಬರುವವನಿಗೆ ರೂಮ್ ಬಾಡಿಗೆ ಇಲ್ಲ, ಊಟದ ಖರ್ಚಿಲ್ಲ, ಅದೇ ಸಂಬಳದಲ್ಲಿ ಅವನಿಗೆ ಉಳಿತಾಯ ಜಾಸ್ತಿ. ಅವನು ನಿಲ್ಲುತ್ತಾನೆ. ಇದು ಕಂಪನಿಯವರಿಗೂ ಗೊತ್ತು. ಆದರೆ ಬೆಳಿಗ್ಗೆ ಆರು ಗಂಟೆಯ ಶಿಫ್ಟಿಗೆ ಬಸ್ಸು ಬೇಕಲ್ಲ. ನಮ್ಮ ಲೈನ್ ಬಸ್ಸುಗಳು ಸರಿಯಾಗಿ ಶುರುವಾಗುವುದೇ ಆ ಹೊತ್ತಿಗೆ, ರಾತ್ರಿ ಹತ್ತಕ್ಕೆ ಶಿಫ್ಟ್ ಬಿಟ್ಟವನಿಗೆ ಒಳ ಊರಿಗೆ ಬಸ್ಸೇ ಇಲ್ಲ. ಪಂಚಾಯತಿನವರು, ಊರಿನ ಸಂಘದವರು ಕಂಪನಿಯವರ ಜೊತೆ ಮಾತಾಡುವುದಾದರೆ ಮೊದಲು ಶಿಫ್ಟ್ ಬಸ್ಸಿನ ಬಗ್ಗೆ ಮಾತಾಡಲಿ. ಒಳ ಊರುಗಳನ್ನು ಸುತ್ತಿ ಬರುವ ಎರಡು ಬಸ್ಸು ಹಾಕಿಸಿದರೆ ಎಷ್ಟೋ ಮನೆಗೆ ಆ ಗೇಟು ತೆರೆಯುತ್ತದೆ.

ಸಮಯದ ಲೆಕ್ಕಕ್ಕೆ ಬರುತ್ತೇನೆ, ಮಗನ ವಿಷಯದಲ್ಲಿ ಇದೇ ಮುಖ್ಯ. ಸಮಿತಿ ಒಪ್ಪಿದ ಮೇಲೆ ಜಾಗ ಕೈಗೆ ಬರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಘಟಕ ಕಟ್ಟಲು ಒಂದು ಒಪ್ಪಿಗೆ, ನಡೆಸಲು ಇನ್ನೊಂದು ಒಪ್ಪಿಗೆ. ಕಟ್ಟಡಕ್ಕೆ ಒಂದರಿಂದ ಒಂದೂವರೆ ವರ್ಷ, ಇಲ್ಲಿಯ ಮಳೆಯಲ್ಲಿ ನಾಲ್ಕು ತಿಂಗಳು ಮಣ್ಣಿನ ಕೆಲಸ ನಡೆಯುವುದೇ ಇಲ್ಲ. ಮೆಷಿನ್ ಬಂದು ಕೂತ ಮೇಲೂ ಮಾಲು ಮಾರುವ ಹಾಗಿಲ್ಲ. ಮೊದಲು ಮಾದರಿ ಭಾಗಗಳನ್ನು ಮಾಡಿ ಕಾರ್ ಕಂಪನಿಗೆ ಕೊಡಬೇಕು. ಅವರು ಒಂದೊಂದು ಅಳತೆ, ಒಂದೊಂದು ಪರೀಕ್ಷೆಯ ದಾಖಲೆ ನೋಡಿ ಒಪ್ಪಿದ ಮೇಲೆಯೇ ಉತ್ಪಾದನೆ. ಎಲ್ಲ ಸರಿಯಾಗಿ ನಡೆದರೂ ಎರಡರಿಂದ ಮೂರು ವರ್ಷ. ಕಟ್ಟಡದ ಹಂತದಲ್ಲಿ ತುಂಬಾ ಜನ ಕಾಣಿಸುತ್ತಾರೆ, ಆದರೆ ಅವರು ಕಾಂಕ್ರೀಟಿನ, ಕಬ್ಬಿಣದ ಕೆಲಸದವರು. ಕಟ್ಟಡ ಮುಗಿದ ಕೂಡಲೇ ಅವರು ಬೇರೆ ಸೈಟಿಗೆ ಹೋಗುತ್ತಾರೆ.

ಉತ್ಪಾದನೆಗೆ ಆರು ತಿಂಗಳು ಇರುವಾಗ ಮೊದಲ ತಂಡ ತೆಗೆದುಕೊಳ್ಳುತ್ತಾರೆ. ಮೇಂಟೆನೆನ್ಸ್, ಕ್ವಾಲಿಟಿ, ಟೂಲ್‌ರೂಮ್. ಅವರನ್ನು ಕಂಪನಿಯ ಹಳೆಯ ಘಟಕಕ್ಕೆ, ಪುಣೆಗೋ ಹೊಸೂರಿಗೋ, ತರಬೇತಿಗೆ ಕಳಿಸುತ್ತಾರೆ. ಮುಂದೆ ಈ ತಂಡದವರೇ ಲೈನ್ ಲೀಡರ್, ಸೂಪರ್‌ವೈಸರ್ ಆಗುವುದು. ಅವರಲ್ಲಿ ಅನುಭವ ಇಲ್ಲದವರಿಗೆ ಜಾಗ ತೀರಾ ಕಮ್ಮಿ. ಒಬ್ಬ ಹುಡುಗ ಸಂದರ್ಶನಕ್ಕೆ ಬಂದರೆ ನಾವು ಕೈಗೆ ಒಂದು ಭಾಗ, ಒಂದು ಡ್ರಾಯಿಂಗ್, ಒಂದು ಮೈಕ್ರೋಮೀಟರ್ ಕೊಡುತ್ತೇವೆ. ಅಳತೆ ತಪ್ಪದೆ ಹೇಳಿದರೆ ಅರ್ಧ ಗೆದ್ದ. ಮೆಷಿನ್‌ನಲ್ಲಿ ಬೋರ್, ಅಂದರೆ ಕೊರೆದ ತೂತು, 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 20 ಭಾಗ) ದೊಡ್ಡದಾಗಿ ಬರುತ್ತಿದೆ, ಏನು ಮಾಡುತ್ತೀಯ ಅಂತ ಕೇಳುತ್ತೇವೆ. ಕೆಲಸ ಮಾಡಿದವನು ಮೊದಲು ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಿದೆಯಾ, ಭಾಗ ಬಿಸಿ ಇರುವಾಗ ಅಳೆದಿದ್ದೇವಾ, ಆಫ್‌ಸೆಟ್ (ಮೆಷಿನ್‌ಗೆ ಕೊಟ್ಟ ಅಳತೆಯ ತಿದ್ದುಪಡಿ) ಯಾರು ಬದಲಿಸಿದರು ಅಂತ ವಾಪಸ್ ಕೇಳುತ್ತಾನೆ. ಓದಿ ಮಾತ್ರ ಬಂದವನು ಪ್ರೋಗ್ರಾಮ್ ತಿದ್ದುತ್ತೇನೆ ಅನ್ನುತ್ತಾನೆ. ಈ ವ್ಯತ್ಯಾಸ ಪುಸ್ತಕದಿಂದ ಬರುವುದಿಲ್ಲ.

ಹಾಗಾಗಿ ಮಗ ಬೆಂಗಳೂರಿಗೆ ಹೋಗಲಿ. ಅಥವಾ ತಾಯಿಯ ಮಾತಿಗೆ ಇಲ್ಲೇ ಇರಬೇಕಾದರೆ ಸುಮ್ನೆ ಇರುವುದು ಬೇಡ. ಬೈಕಂಪಾಡಿ, ಯೆಯ್ಯಾಡಿ, ಗಂಜಿಮಠ, ಆ ಕಡೆ ಮಣಿಪಾಲ, ನಂದಿಕೂರು, ಇಲ್ಲೆಲ್ಲ ಸಣ್ಣ ಮೆಷಿನ್ ಶಾಪ್‌ಗಳಿವೆ. ಸಂಬಳ ಕಡಿಮೆ ಇರಬಹುದು. ಆದರೆ ಸಣ್ಣ ಶಾಪಿನಲ್ಲಿ ಹುಡುಗ ಮೆಷಿನ್ ಸೆಟ್ ಮಾಡುವುದು, ಟೂಲ್ ಹರಿತ ಮಾಡುವುದು, ಬಿಲ್ ಬರೆಯುವುದು ತನಕ ಎಲ್ಲ ಕಲಿಯುತ್ತಾನೆ. ಡಿಪ್ಲೊಮಾದವರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಯೋಜನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಇದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆಗಳು ಒಟ್ಟು ಸಂಖ್ಯೆಯ 2.5ರಿಂದ 15 ಶೇಕಡಾ ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು ಅಂತ ನಿಯಮ ಇದೆ. ಅಂದರೆ ಹೋಗಿ ಕೇಳುವುದಕ್ಕೆ ನಾಚಿಕೆ ಬೇಡ. ಬೈಕಂಪಾಡಿಯಲ್ಲಿರುವ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರವನ್ನೂ ಒಮ್ಮೆ ಹೋಗಿ ನೋಡಲಿ. ಅಲ್ಲಿ ಕಲಿತವರನ್ನು ನಾವು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದೆವು.

ಕಾಯುವುದರಲ್ಲಿ ಇನ್ನೊಂದು ನಷ್ಟ ಇದೆ. ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಮೊದಲ ಸಲ ಪಿಎಫ್ ಇರುವ ಕೆಲಸಕ್ಕೆ ಸೇರಿದವರಿಗೆ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಸಿಗುತ್ತದೆ. ಒಂದು ಕಂತು ಆರು ತಿಂಗಳು ಕೆಲಸ ಮಾಡಿದ ಮೇಲೆ, ಇನ್ನೊಂದು ವರ್ಷ ತುಂಬಿದ ಮೇಲೆ. ಹೊಸಬರನ್ನು ತೆಗೆದುಕೊಂಡ ಕಂಪನಿಗೂ ಇದರಲ್ಲಿ ಸಹಾಯಧನ ಇದೆ, ಉತ್ಪಾದನಾ ಕ್ಷೇತ್ರಕ್ಕೆ ನಾಲ್ಕು ವರ್ಷ ತನಕ. ಅಪ್ರೆಂಟಿಸ್‌ಗಳಿಗೆ ಪಿಎಫ್ ಇರುವುದಿಲ್ಲ, ಹಾಗಾಗಿ ಇದು ಅವರಿಗಲ್ಲ. ಬೆಂಗಳೂರಿನ ಆಫರ್ ಯಾವುದು ಅಂತ ಸರಿಯಾಗಿ ನೋಡಿ.

ಮಗಳ ಬಗ್ಗೆ ಹೇಳುತ್ತೇನೆ. ಅವಳನ್ನು ಈ ಲೆಕ್ಕದಿಂದ ಬಿಡಬೇಡಿ. ಕಾಮರ್ಸ್ ಅಂದ ಕೂಡಲೇ ಬ್ಯಾಂಕು, ಅಂಗಡಿಯ ಲೆಕ್ಕ ಅಂತ ಯೋಚಿಸುತ್ತೇವೆ, ಅಲ್ವಾ? ಬಿಡಿಭಾಗದ ಫ್ಯಾಕ್ಟರಿಯಲ್ಲಿ ಸ್ಟೋರ್ಸ್, ಡಿಸ್ಪ್ಯಾಚ್, ಖರೀದಿ ವಿಭಾಗದಲ್ಲಿ ಎಕ್ಸೆಲ್ ಮತ್ತು ಜಿಎಸ್‌ಟಿ ಗೊತ್ತಿರುವವರಿಗೆ ಒಳ್ಳೆಯ ಕೆಲಸ ಇದೆ. ಹಾರ್ನೆಸ್, ಜೋಡಣೆ, ತಪಾಸಣೆಯ ಲೈನಿಗೆ ಪಿಯುಸಿ ಸಾಕು, ಉಳಿದದ್ದನ್ನು ಅಲ್ಲೇ ಕಲಿಸುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಯ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಆ ಕೈಯ ಚುರುಕು, ಆ ತಾಳ್ಮೆ ಸುಮ್ನೆ ಬಂದದ್ದಲ್ಲ. ಅವರ ಹೆಣ್ಣುಮಕ್ಕಳಿಗೆ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರುವ, ತಿಂಗಳ ಸಂಬಳದ ಕೆಲಸ ಮನೆಯ ಹತ್ತಿರವೇ ಸಿಗುವುದಾದರೆ ಇಂಥ ಫ್ಯಾಕ್ಟರಿಯಿಂದ ಜಿಲ್ಲೆಗೆ ಆಗುವ ದೊಡ್ಡ ಲಾಭ ಅದೇ ಅಂತ ನಾನು ನಂಬಿದ್ದೇನೆ. ರಾತ್ರಿ ಶಿಫ್ಟಿಗೆ ಹೆಣ್ಣುಮಕ್ಕಳನ್ನು ಅವರ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ, ಹೋಗಿ ಬರಲು ವಾಹನ, ಭದ್ರತೆ ಕಂಪನಿಯದ್ದೇ. ಸೇರುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಕೆಲಸ ಸಿಕ್ಕಿತು ಅಂದಾಗ ಯಾರ ಹೆಸರಿನಲ್ಲಿ ಸಿಕ್ಕಿತು ಅಂತ ನೋಡುವುದು ಬಹಳ ಮುಖ್ಯ. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತ ಇಬ್ಬರಲ್ಲಿ ಒಬ್ಬ ಕಂಪನಿಯ ನೌಕರ, ಇನ್ನೊಬ್ಬ ಕಾಂಟ್ರಾಕ್ಟರ್‌ನ ನೌಕರ. ಬಟ್ಟೆಯ ಬಣ್ಣ ಒಂದೇ, ಸಂಬಳ ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷ ತುಂಬಿದರೆ ಗ್ರಾಚ್ಯುಟಿ ಇದೆ, ಮೊದಲಿನ ಹಾಗೆ ಐದು ವರ್ಷ ಕಾಯಬೇಕಾಗಿಲ್ಲ. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇಎಸ್‌ಐ ಬರುತ್ತದೆ. 18,000 ಸಂಬಳಕ್ಕೆ ನೌಕರನ ಪಾಲು 135 ರೂಪಾಯಿ, ಕಂಪನಿಯ ಪಾಲು 585. ಸಂಬಳ ಚೀಟಿಯಲ್ಲಿ ಈ ಸಾಲು ಕಾಣಿಸದಿದ್ದರೆ ಕೇಳಬೇಕು. ಸಂಬಳವನ್ನು ನಗದಾಗಿ ಕೊಟ್ಟು ಚೀಟಿಯೇ ಕೊಡದ ಕಾಂಟ್ರಾಕ್ಟರ್ ಹತ್ತಿರ ಮಕ್ಕಳನ್ನು ಬಿಡಬೇಡಿ.

ಎಲೆಕ್ಟ್ರಿಕ್ ವಾಹನದ ಭಯ ಅರ್ಧ ಸರಿ. ಪಿಸ್ಟನ್, ಪಿಸ್ಟನ್ ರಿಂಗ್, ಸೈಲೆನ್ಸರ್, ಫ್ಯುಯೆಲ್ ಪಂಪ್, ಸ್ಪಾರ್ಕ್ ಪ್ಲಗ್, ಕ್ಲಚ್, ಇವು ಬ್ಯಾಟರಿ ಗಾಡಿಗೆ ಬೇಡ. ಬ್ರೇಕ್, ಸಸ್ಪೆನ್ಶನ್, ಸ್ಟಿಯರಿಂಗ್, ವೀಲ್ ಹಬ್, ಸೀಟು, ಲೈಟು ಯಾವ ಗಾಡಿಗೂ ಬೇಕು. ವೈರಿಂಗ್ ಅಂತೂ ಕಡಿಮೆಯಾಗುವುದಿಲ್ಲ, ಜೊತೆಗೆ ದಪ್ಪ ಕೇಬಲ್‌ಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ 25,938 ಕೋಟಿಯ ಪ್ರೋತ್ಸಾಹಧನ ಯೋಜನೆಯೂ ಎಲೆಕ್ಟ್ರಿಕ್ ವಾಹನ, ಹೊಸ ತಂತ್ರಜ್ಞಾನದ ಭಾಗಗಳಿಗೇ. ಎಂಜಿನ್‌ನ ಒಳಗಿನ ಭಾಗ ಮಾತ್ರ ಮಾಡುವ ಫ್ಯಾಕ್ಟರಿ ಆದರೆ ಮಗ ಅಲ್ಲಿ ಸೇರುವಾಗ ಎರಡು ಸಲ ಯೋಚಿಸಲಿ. ಆದರೆ ಅಲ್ಲೇ ಸಿಎನ್‌ಸಿ, ಅಳತೆ, ಮೇಂಟೆನೆನ್ಸ್ ಕಲಿತರೆ ಆ ವಿದ್ಯೆ ಬೇರೆ ಭಾಗಕ್ಕೂ ನಡೆಯುತ್ತದೆ. ಜೊತೆಗೆ ಪಿಎಲ್‌ಸಿ (ಮೆಷಿನ್ ನಡೆಸುವ ಸಣ್ಣ ಕಂಪ್ಯೂಟರ್), ಸೆನ್ಸರ್, ಸ್ವಲ್ಪ ಎಲೆಕ್ಟ್ರಿಕಲ್ ಕಲಿಯಲು ಹೇಳಿ. ಮೆಕ್ಯಾನಿಕಲ್ ಹುಡುಗನಿಗೆ ಎಲೆಕ್ಟ್ರಿಕಲ್ ಗೊತ್ತಿದ್ದರೆ ಮೇಂಟೆನೆನ್ಸ್‌ನಲ್ಲಿ ಅವನಷ್ಟು ಬೇಡಿಕೆ ಯಾರಿಗೂ ಇಲ್ಲ.

ಇನ್ನು ಪಕ್ಕದ ಮನೆಯವರ ಜಾಗ. ಕೆಐಎಡಿಬಿ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಜಾಗ ತೆಗೆದುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ. ಮೊದಲು ಸೆಕ್ಷನ್ 28(1)ರ ಪ್ರಾಥಮಿಕ ಅಧಿಸೂಚನೆ. ಅದಾದ ಮೇಲೆ 28(2)ರ ನೋಟಿಸ್ ಬರುತ್ತದೆ, ಅದು ಕೈ ಸೇರಿದ 30 ದಿನದ ಒಳಗೆ ಆಕ್ಷೇಪಣೆ ಬರೆದು ಕೊಡಬೇಕು. ಎಷ್ಟೋ ಜನ ಆ ನೋಟಿಸನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಮರೆತುಬಿಡುತ್ತಾರೆ. ಪಹಣಿ ಯಾರ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ಪಾಲು ಆಗಿದೆಯಾ, ತೆಂಗು-ಅಡಿಕೆ ಮರ, ಬಾವಿ, ಮನೆಯ ಲೆಕ್ಕ ದಾಖಲೆಯಲ್ಲಿ ಬಂದಿದೆಯಾ ಅಂತ ಈಗಲೇ ನೋಡಿಕೊಳ್ಳಲಿ. ಆಮೇಲೆ ಪರಿಹಾರ ತಡವಾಗುವುದು ಇದರಿಂದಲೇ.

ಕೆಲಸದ ಮಾತು ಬಾಯಲ್ಲಿ ಹೇಳಿದ್ದು ಸಾಲದು. ಎಂಎಸ್‌ಇಝಡ್ (ಮಂಗಳೂರು ವಿಶೇಷ ಆರ್ಥಿಕ ವಲಯ) ಯೋಜನೆಯಲ್ಲಿ ಜಾಗ ಕಳೆದುಕೊಂಡ ಕುಟುಂಬಕ್ಕೆ ಒಂದು ಕೆಲಸ ಅನ್ನುವುದು ಪುನರ್ವಸತಿ ಪ್ಯಾಕೇಜಿನಲ್ಲೇ ಇತ್ತು. ಹಾಗೆ ಬರಹದಲ್ಲಿ ಇದ್ದರೆ ಕೇಳಲು ಒಂದು ಹಿಡಿತ ಇರುತ್ತದೆ. ಯಾವ ಕಂಪನಿ, ಅದರ ಸ್ವಂತ ನೌಕರಿಯಾ ಕಾಂಟ್ರಾಕ್ಟಾ, ಯಾವ ಹುದ್ದೆ, ಉತ್ಪಾದನೆ ಶುರುವಾಗಿ ಎಷ್ಟು ತಿಂಗಳ ಒಳಗೆ, ಮನೆಯಲ್ಲಿ ಓದಿದವರು ಇಲ್ಲದಿದ್ದರೆ ತರಬೇತಿ ಯಾರು ಕೊಡುತ್ತಾರೆ, ಇಷ್ಟೂ ಬರೆದಿರಬೇಕು. ಜಾಗ ತೆಗೆದುಕೊಳ್ಳುವುದು ಮಂಡಳಿ, ಕೆಲಸ ಕೊಡುವುದು ಕಂಪನಿ. ನಡುವೆ ಬಂದು ಮಾತು ಕೊಟ್ಟವನು ಎರಡಕ್ಕೂ ಸೇರಿದವನಲ್ಲ. ಒಬ್ಬೊಬ್ಬರೇ ಹೋಗುವುದಕ್ಕಿಂತ ಜಾಗ ಹೋಗುವ ಮನೆಯವರೆಲ್ಲ ಸೇರಿ ಜಿಲ್ಲಾಧಿಕಾರಿಗಳ ಸಭೆಯಲ್ಲಿ ಕೇಳಿ, ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿಕೊಳ್ಳಲಿ. ನಡಾವಳಿಯ ಪ್ರತಿ ಪಡೆದು ಇಟ್ಟುಕೊಳ್ಳಲಿ.

ಮಗನ ಬೆಂಗಳೂರಿನ ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲು ಮೂರು ಕಡೆ ಓದಿ. ಟ್ರೈನಿ ಅವಧಿ ಎಷ್ಟು, ಅದು ಮುಗಿದ ಮೇಲೆ ಕಂಪನಿಯ ಸ್ವಂತ ನೌಕರಿ ಅಂತ ಬರೆದಿದೆಯಾ. ಬಾಂಡ್ ಇದ್ದರೆ ಎಷ್ಟು ತಿಂಗಳು, ನಡುವೆ ಬಿಟ್ಟರೆ ಎಷ್ಟು ಹಣ ಕೊಡಬೇಕು. ಮತ್ತೆ ಮೂಲ ಅಂಕಪಟ್ಟಿ ಕೇಳಿದ್ದಾರಾ ಅಂತ ನೋಡಿ. ಮೂಲ ಪ್ರತಿಯನ್ನು ಯಾವ ಕಂಪನಿಗೂ ಇಟ್ಟುಕೊಳ್ಳಲು ಕೊಡಬೇಡಿ, ತೋರಿಸಿ ಜೆರಾಕ್ಸ್ ಕೊಟ್ಟರೆ ಸಾಕು.